ಒಂದೇ ಹೆಸರಿಗೆ ಎರಡು ಪೂಜೆ

ಕೌಲಾಲಂಪುರದ ಹತ್ತಿರದ ಕ್ಲಾಂಗ್ ಪಟ್ಟಣದ ನಮ್ಮ ಇಗರ್ಜಿಯಲ್ಲಿ ಭಾನುವಾರದ ತಮಿಳು ಪೂಜೆ ಮುಗಿದ ಮೇಲೆ ನಾನು ಪಕ್ಕದ ಆಫೀಸಿನಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತಿದ್ದೆ. ಮುಂದಿನ ವಾರದ ಪೂಜೆಗಳಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಜನ ಬಂದು ಹೇಳುತ್ತಿದ್ದರು. ಅದನ್ನು ಕೇಳಿಕೊಂಡು ಫಾದರ್‌ಗೆ ತಿಳಿಸುವುದು ನನ್ನ ಕೆಲಸ. ಸಂಬಳದ ಕೆಲಸವೇನಲ್ಲ. ವಾರವಿಡೀ ಬಂದರಿನ ಹತ್ತಿರದ ಸರಕು ಸಾಗಣೆ ಕಂಪನಿಯಲ್ಲಿ ಕಂಟೈನರುಗಳ ಕಾಗದಪತ್ರ ಟೈಪ್ ಮಾಡುತ್ತಿದ್ದವಳಿಗೆ ಭಾನುವಾರವಾದರೂ ಮನುಷ್ಯರ ಮುಖ ನೋಡುವ ಆಸೆ. ನನ್ನ ಊರು ಮಂಗಳೂರು, ಗಂಡನದು ಹುಬ್ಬಳ್ಳಿ. ಅವರಿಗೆ ಕೊಂಕಣಿ ಬಾರದ್ದರಿಂದ ಮನೆಯಲ್ಲಿ ನಾವು ಆಡುತ್ತಿದ್ದದ್ದು ಕನ್ನಡ. ತಮಿಳನ್ನು ನಾನು ಕ್ಲಾಂಗ್‌ಗೆ ಬಂದ ಮೇಲೆ ಕಲಿತೆ. ಮೀನಿನ ಅಂಗಡಿಯಲ್ಲಿ, ಆಫೀಸಿನಲ್ಲಿ, ಪೂಜೆಯ ಹಾಡುಗಳಲ್ಲಿ.

ಬಂದವರನ್ನು ನಾನು ಕೇಳಬೇಕಾದದ್ದು ಎರಡೇ ಪ್ರಶ್ನೆ. ಹೆಸರು ಏನು? ಕ್ಷೇಮಕ್ಕೋ, ಆತ್ಮಕ್ಕೋ? ಬದುಕಿರುವವರಾದರೆ ಕ್ಷೇಮಕ್ಕೆ, ತೀರಿಹೋದವರಾದರೆ ಆತ್ಮಶಾಂತಿಗೆ. ಮೂರನೆಯ ಉತ್ತರ ಬಂದದ್ದು ನನಗೆ ನೆನಪಿರಲಿಲ್ಲ.

ತೊಂಬತ್ತೇಳನೇ ಇಸವಿಯ ಒಂದು ಭಾನುವಾರ ಬಿಳಿ ಸೀರೆಯ ಮುದುಕಿಯೊಬ್ಬರು ಬಂದರು. ಒಣಗಿದ ಮೈ, ನೆಟ್ಟಗಿನ ಬೆನ್ನು. ಒಂದು ಹೆಸರು ಹೇಳಿ, "ನನ್ನ ಮಗ. ಕ್ಷೇಮಕ್ಕೆ. ಬೇಗ ಮನೆಗೆ ಬರಲಿ ಅಂತ," ಎಂದರು. ಅವರ ತಮಿಳು ನಮ್ಮ ಕ್ಲಾಂಗ್‌ನ ತಮಿಳಿನಂತಿರಲಿಲ್ಲ. ಹಾಡು ಹೇಳಿದ ಹಾಗೆ ಎಳೆದು ಎಳೆದು ಮಾತಾಡುವ ಜಾಫ್ನಾದ ತಮಿಳು. ಅವರು ಹೋದ ಮೇಲೆ, ಹೊರಗಿನ ಜನ ಕರಗಿದ ಮೇಲೆ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಒಳಗೆ ಬಂದಳು. ಕೊರಳಲ್ಲಿ ತಾಳಿ ಇತ್ತು. ಅವಳೂ ಅದೇ ಹೆಸರು ಹೇಳಿದಳು. "ಆತ್ಮಕ್ಕೆ," ಎಂದಳು.

ಒಂದೇ ಹೆಸರಿನ ಇಬ್ಬರು ಇರಬಹುದೆಂದುಕೊಂಡೆ. ಕಿಟಕಿಯಿಂದ ನೋಡಿದರೆ ಗೇಟಿನ ಹತ್ತಿರ ಆ ಮುದುಕಿ ಇವಳಿಗಾಗಿಯೇ ಕಾಯುತ್ತಿದ್ದರು. ಇವಳು ಹೋಗಿ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಒಂದೇ ಕೊಡೆಯಡಿ ರಸ್ತೆ ದಾಟಿದರು.

ಫಾದರ್‌ಗೆ ಹೇಳಿದೆ. ಅವರು ವಯಸ್ಸಾದವರು, ಇಲ್ಲಿಯೇ ಹುಟ್ಟಿ ಬೆಳೆದ ತಮಿಳರು. "ಎರಡನ್ನೂ ಓದ್ತೇನೆ. ಬೇರೆ ಬೇರೆ ದಿನ," ಎಂದರು. "ನೀನು ಒಮ್ಮೆ ಅವರ ಮನೆಗೆ ಹೋಗಿ ಬಾ. ನನ್ನ ಹತ್ರ ಮಾತಾಡೋದಕ್ಕೆ ಹೆದರ್ತಾರೆ."

ನಮ್ಮ ಮನೆಯಿಂದ ಎರಡು ಬೀದಿಯಾಚೆ, ಇಗರ್ಜಿಯ ಒಬ್ಬ ವಿಧವೆಯ ಮನೆಯ ಹಿಂಭಾಗದಲ್ಲಿ ಒಂದು ಕೋಣೆ. ಅಲ್ಲಿ ಅತ್ತೆ ಸೊಸೆ ಇದ್ದರು. ಸೊಸೆ ಊರಿನಲ್ಲಿ ಶಾಲೆಯ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದವಳು. ಇಲ್ಲಿ ಒಂದು ದೋಬಿ ಅಂಗಡಿಯ ಒಳಕೋಣೆಯಲ್ಲಿ ಊರವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಳಕೋಣೆ ಏಕೆಂದರೆ ಬೀದಿಯಿಂದ ಪೊಲೀಸರಿಗೆ ಕಾಣಿಸಬಾರದು. ಕೆನಡಾಕ್ಕೆ ಕರೆದೊಯ್ಯುತ್ತೇನೆಂದ ಏಜೆಂಟ್ ಇಬ್ಬರನ್ನೂ ಕೊಲಂಬೋದಿಂದ ಕೌಲಾಲಂಪುರದವರೆಗೆ ತಂದು, ಒಂದು ಹೋಟೆಲಿನಲ್ಲಿ ಕೂರಿಸಿ, ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ಹೋದವನು ಮತ್ತೆ ಬರಲಿಲ್ಲ. ನಿರಾಶ್ರಿತರ ಕಚೇರಿ ಕೊಟ್ಟ ಒಂದು ಹಾಳೆ ಬಿಟ್ಟರೆ ಅವರ ಬಳಿ ಕಾಗದವೆಂಬುದೇ ಇರಲಿಲ್ಲ. ಆ ಹಾಳೆಗೆ ಬೀದಿಯಲ್ಲಿ ಬೆಲೆಯೂ ಇರಲಿಲ್ಲ.

ಮೊದಮೊದಲು ನನಗೆ ಚಹಾ ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಸಲುಗೆ ಬೆಳೆಸಿದ್ದು ಒತ್ತು ಶ್ಯಾವಿಗೆ. ಅವರ ಇಡಿಯಪ್ಪ, ನಮ್ಮ ಮಂಗಳೂರಿನ ಶೆವಯೊ, ಎರಡೂ ಹೆಚ್ಚು ಕಡಿಮೆ ಒಂದೇ. ನನ್ನ ಮನೆಯ ಮರದ ಶ್ಯಾವಿಗೆ ಒರಳನ್ನು ನೋಡಿ ಮುದುಕಿಯ ಮುಖ ಅರಳಿತು. ಆಮೇಲೆ ಭಾನುವಾರ ಮಧ್ಯಾಹ್ನದ ಊಟ ನಮ್ಮಲ್ಲಿ. ಅವರು ನನ್ನನ್ನು "ಪಿಳ್ಳೈ" ಎನ್ನುತ್ತಿದ್ದರು, ನಾವು ಮಗೂ ಎನ್ನುವ ಹಾಗೆ. ನಾನು ಅವರನ್ನು ಅಮ್ಮಾ ಎನ್ನುತ್ತಿದ್ದೆ. ಸೊಸೆಗೆ ನಾನು ಅಕ್ಕ.

ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಆದರೆ ಆಗ ನನ್ನ ಕಿವಿಗೆ ಮೊದಲು ಬಿದ್ದದ್ದು ವ್ಯಾಕರಣ. ಅಮ್ಮ, "ನನ್ನ ಮಗನಿಗೆ ತೆಂಗಿನಹಾಲು ಹೆಚ್ಚಾದರೆ ಆಗೋದಿಲ್ಲ," ಎನ್ನುತ್ತಿದ್ದರು. ಅದೇ ಮಾತನ್ನು ಸೊಸೆ, "ಅವರಿಗೆ ತೆಂಗಿನಹಾಲು ಆಗ್ತಿರಲಿಲ್ಲ," ಎನ್ನುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಿರಲಿಲ್ಲ. ಒಂದೇ ಬಟ್ಟಲಿನಿಂದ ಸಾರು ಬಡಿಸಿಕೊಂಡು ಉಣ್ಣುತ್ತಿದ್ದರು.

ಆ ವರ್ಷ ಇಂಡೋನೇಷ್ಯಾದ ಕಾಡುಗಳು ಸುಟ್ಟ ಹೊಗೆ ಸಮುದ್ರ ದಾಟಿ ಬಂದು ಕ್ಲಾಂಗ್ ಮೇಲೆ ಕೂತಿತು. ಎದುರುಮನೆ ಮಸುಕಾಗಿ ಕಾಣುತ್ತಿತ್ತು. ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆವು. ಒಂದು ಬೆಳಿಗ್ಗೆ ನಾನು ಹೋದಾಗ ಅಮ್ಮ ಬಟ್ಟೆ, ಅಕ್ಕಿ, ಶಿಲುಬೆ ಎಲ್ಲ ಗಂಟು ಕಟ್ಟಿ ಬಾಗಿಲಲ್ಲಿ ಚಪ್ಪಲಿ ಹಾಕಿ ನಿಂತಿದ್ದರು. "ಯಾವ ಕಡೆ ಸುಡ್ತಿದ್ದಾರೆ, ಪಿಳ್ಳೈ? ಯಾವ ರಸ್ತೆಯಲ್ಲಿ ಹೋಗಬೇಕಂತೆ?" ಎಂದು ಕೇಳಿದರು. ಕಾಡಿನ ಬೆಂಕಿ, ಬೇರೆ ದೇಶದ್ದು ಎಂದು ಎಷ್ಟು ಹೇಳಿದರೂ ಗಂಟು ಬಿಚ್ಚಲು ಒಪ್ಪಲಿಲ್ಲ. ಸೊಸೆ ಬಂದು, "ಮಾಮಿ, ಇಲ್ಲಿಂದ ಎಲ್ಲಿಗೆ ನಡೆದರೂ ಸಮುದ್ರವೇ," ಎಂದಾಗ ಕೂತರು.

ಆ ದಿನ ಅವಳು ನನಗೆ ಎಲ್ಲವನ್ನೂ ಹೇಳಿದಳು. ಊರಿಗೆ ಊರೇ ಖಾಲಿಯಾದಾಗ ಮಳೆಯಲ್ಲಿ ಒಂದೇ ರಸ್ತೆಯಲ್ಲಿ ಲಕ್ಷಾಂತರ ಜನ ನಡೆದದ್ದು. ಅವಳ ತಮ್ಮನನ್ನು, ಇನ್ನೂ ಮೀಸೆ ಮೂಡದವನನ್ನು, ಹೋರಾಟದ ಹುಡುಗರು ಮನೆಗೊಬ್ಬರು ಬೇಕೆಂದು ಕರೆದೊಯ್ದದ್ದು. ಆಮೇಲೆ ಅವನ ಫೋಟೋ ಮಾತ್ರ, ಸತ್ತ ವೀರರ ಪೋಸ್ಟರಿನಲ್ಲಿ, ಗೋಡೆಗಳ ಮೇಲೆ ಕಾಣಿಸಿದ್ದು. ಸೈನ್ಯ ಬಂದ ಮೇಲೆ ಮತ್ತೆ ಮನೆಗೆ ಮರಳಿದ್ದು. ಒಂದು ಬೆಳಿಗ್ಗೆ ಗಂಡ ಸೀಮೆಎಣ್ಣೆ ತರಲು ಸೈಕಲ್ ಹತ್ತಿ ಹೋದದ್ದು.

"ಚೆಕ್‌ಪೋಸ್ಟಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರಂತೆ. ಎದುರಿಗೆ ಒಬ್ಬ ಕುರ್ಚಿಯಲ್ಲಿ ಕೂತಿದ್ದ, ತಲೆಗೆ ಗೋಣಿಚೀಲ ಹಾಕಿಕೊಂಡು. ಕಣ್ಣಿನ ಹತ್ರ ಎರಡು ತೂತು. ಒಬ್ಬೊಬ್ಬರೇ ಅವನ ಮುಂದೆ ಹಾದು ಹೋಗಬೇಕು. ಅವನು ತಲೆ ಆಡಿಸಿದರೆ ಮುಗೀತು. ಇವರು ಬಂದಾಗ ಆಡಿಸಿದ."

"ಯಾರಂತ ಗೊತ್ತಾಯ್ತಾ, ಆ ಚೀಲದವನು?"

"ಇಲ್ಲ, ಅಕ್ಕಾ. ನಮ್ಮ ಬೀದಿಯವನೇ ಇರಬಹುದು. ಅವನನ್ನೂ ಹೊಡೆದೇ ಕೂರಿಸಿರಬಹುದು. ಸೈಕಲ್ಲನ್ನು ಮಾತ್ರ ಯಾರೋ ತಂದು ಮನೆ ಗೋಡೆಗೆ ಒರಗಿಸಿ ಹೋದರು."

ಆಮೇಲೆ ಅತ್ತೆ ಸೊಸೆ ಸೈನ್ಯದ ಕ್ಯಾಂಪಿನಿಂದ ಕ್ಯಾಂಪಿಗೆ ಹೋದರು. ಅನ್ನದ ಪೊಟ್ಟಣ ಹಿಡಿದು ಗೇಟಿನ ಮುಂದೆ ನಿಂತರು. ಅಂಥ ಹೆಸರಿನವರು ಇಲ್ಲಿ ಇಲ್ಲ ಎಂದು ಪ್ರತಿ ಗೇಟಿನಲ್ಲಿಯೂ ಕಾವಲಿನವರು ಹೇಳಿದರು. ನಿಂತು ನಿಂತು ಸೊಸೆಯ ಮೇಲೆಯೇ ಸೈನಿಕರ ಕಣ್ಣು ಬಿದ್ದಾಗ, ಇನ್ನು ಇಲ್ಲಿರುವುದು ಬೇಡ ಎಂದು ಹೊರಡಿಸಿದ್ದು ಅತ್ತೆಯೇ.

ನಾನು ಕೇಳಬಾರದ್ದನ್ನು ಕೇಳಿದೆ. "ಮತ್ತೆ ನೀನು ಆತ್ಮಕ್ಕೆ ಪೂಜೆ ಹೇಳುದು ಯಾಕೆ? ಯಾರಾದರೂ ಖಚಿತ ಹೇಳಿದ್ದಾರಾ?"

ಅವಳು ಕಿಟಕಿಯ ಹೊಗೆ ನೋಡುತ್ತಾ ಹೇಳಿದಳು. "ಯಾರೂ ಹೇಳಿಲ್ಲ. ಅಕ್ಕಾ, ಅವರು ಬದುಕಿದ್ದಾರೆ ಅಂದುಕೊಂಡರೆ ನನಗೆ ಊಟ ಇಳಿಯೋದಿಲ್ಲ. ಬದುಕಿದ್ದಾರೆ ಅಂದರೆ ಈಗ, ನಾವು ಇಲ್ಲಿ ಕೂತಿರೋ ಹೊತ್ತಿಗೆ, ಯಾರೋ ಅವರನ್ನು ಹೊಡೀತಿದ್ದಾರೆ ಅಂತ. ಬಿಡುಗಡೆಯಾಗಿ ಬಂದವರ ಕಾಲು, ಉಗುರು ನಾನು ನೋಡಿದ್ದೇನೆ. ಸತ್ತಿದ್ದರೆ ಇನ್ನು ಯಾರೂ ಅವರನ್ನು ಮುಟ್ಟೋ ಹಾಗಿಲ್ಲ. ಅಷ್ಟನ್ನೇ ನಾನು ದೇವರ ಹತ್ರ ಕೇಳೋದು."

ಅಮ್ಮನ ಲೆಕ್ಕವೇ ಬೇರೆ ಇತ್ತು. ಇನ್ನೊಂದು ದಿನ ಕಾಯಿ ತುರಿಯುತ್ತಾ ಅವರೇ ತಾವಾಗಿ ಹೇಳಿದರು. "ಅವಳು ಯಾತಕ್ಕೆ ಪೂಜೆ ಹೇಳ್ತಾಳೆ ಅಂತ ನನಗೆ ಗೊತ್ತು. ನಾನು ಸಿಟ್ಟು ಮಾಡೋದಿಲ್ಲ. ಆದರೆ ನಾನು ಹೆತ್ತವಳು. ಸತ್ತ ಅಂತ ನಾನೇ ಹೇಳಿಬಿಟ್ಟರೆ ಹಿಡಿದುಕೊಂಡು ಹೋದವರಿಗೆ ಸುಲಭ ಆಗ್ತದೆ. ಯಾವನೋ ಒಬ್ಬ ಕುರ್ಚಿಯಲ್ಲಿ ಕೂತು, ಹಾಂ, ತಾಯಿಯೇ ಒಪ್ಪಿಕೊಂಡಳು ಅಂತಾನೆ. ನಾನು ಯಾಕೆ ಒಪ್ಪಬೇಕು?"

ಇಬ್ಬರ ಮಾತೂ ಸರಿ ಎನಿಸುತ್ತಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು, "ನೀ ಅದರಾಗ ನ್ಯಾಯ ಹೇಳಾಕ ಹೋಗಬ್ಯಾಡ. ಊಟಕ್ಕ ಕರಿ, ಸಾಕು," ಎಂದರು.

ಸೊಸೆಗೆ ನನ್ನ ಬಂದರಿನ ಕೆಲಸದ ಬಗ್ಗೆ ಕುತೂಹಲವಿತ್ತು. ಭೂಗೋಳದವಳಲ್ಲವೇ, ಯಾವ ಹಡಗು ಯಾವ ಊರಿನಿಂದ ಬಂತು ಎಂದು ಕೇಳುತ್ತಿದ್ದಳು. ಒಮ್ಮೆ, "ಅಷ್ಟು ಪೆಟ್ಟಿಗೆಗಳಲ್ಲಿ ಒಂದು ಕಾಣೆಯಾದರೆ ಯಾರು ಉತ್ತರ ಕೊಡಬೇಕು?" ಎಂದಳು. ಕೊನೆಗೆ ಯಾರ ವಶದಲ್ಲಿತ್ತೋ ಅವರೇ ಎಂದೆ.

ಮರುವರ್ಷ ಕೌಲಾಲಂಪುರದ ನಿರಾಶ್ರಿತರ ಕಚೇರಿಯಿಂದ ಇಬ್ಬರಿಗೂ ಕರೆ ಬಂತು. ಬೇರೊಂದು ದೇಶಕ್ಕೆ ಕಳುಹಿಸಬಹುದೋ ಎಂದು ವಿಚಾರಿಸಲು. ಅಮ್ಮನಿಗೆ ಜ್ವರ ಬೇರೆ ಇತ್ತು. ನಾನು ಲೀವ್ ಹಾಕಿ ಜೊತೆಗೆ ಹೋದೆ. ಅಧಿಕಾರಿ ನಲವತ್ತರ ಒಬ್ಬ ಬಿಳಿಯ ಹೆಂಗಸು, ಮೆತ್ತಗಿನ ದನಿಯವರು. ಪಕ್ಕದಲ್ಲಿ ತಮಿಳಿನಲ್ಲಿ ಹೇಳಲು ಒಬ್ಬರಿದ್ದರು. ಬಹಳ ಹೊತ್ತಿನ ಮೇಲೆ ಅಧಿಕಾರಿ ಸೊಸೆಯನ್ನು ಕೇಳಿದರು: "ನಿಮ್ಮ ಗಂಡ ಬದುಕಿದ್ದಾರಾ, ಇಲ್ಲವಾ?"

ಅತ್ತೆ ಪಕ್ಕದಲ್ಲಿಯೇ ಕೂತಿದ್ದರು. ಸೊಸೆ ಅವರ ಕಡೆ ನೋಡಲಿಲ್ಲ. ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳಿದಳು: "ಅವರನ್ನು ಹಿಡಿದುಕೊಂಡು ಹೋದವರು ಸಮವಸ್ತ್ರ ಹಾಕಿದ್ದರು. ಇವರು ಕೊನೆಗೆ ಅವರ ವಶದಲ್ಲಿದ್ದರು. ನನ್ನನ್ನು ಯಾಕೆ ಕೇಳ್ತೀರಿ? ಅವರನ್ನು ಕೇಳಿ."

ಅಧಿಕಾರಿ ಪೆನ್ನು ಕೆಳಗಿಟ್ಟು ತಲೆ ಬಗ್ಗಿಸಿದರು.

ವಾಪಸು ರೈಲಿನಲ್ಲಿ ಇಬ್ಬರೂ ಹಗುರಾಗಿದ್ದರು. ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ಕ್ಲಾಂಗ್ ಸ್ಟೇಷನ್ನಿನಲ್ಲಿ ಇಳಿದು ಗೇಟು ದಾಟುವಾಗ ಪೊಲೀಸರು ಸಾಲಾಗಿ ನಿಂತು ಎಲ್ಲರ ಗುರುತಿನ ಚೀಟಿ ನೋಡುತ್ತಿದ್ದರು. ಆ ವರ್ಷ ದೇಶದಲ್ಲಿ ಕೆಲಸಗಳು ಕುಸಿದು, ಕಾಗದವಿಲ್ಲದ ಪರದೇಶಿಗಳನ್ನು ಹಿಡಿಯುವುದು ಹೆಚ್ಚಾಗಿತ್ತು. ಸಾಲನ್ನು ಕಂಡದ್ದೇ ಸೊಸೆಯ ಕಾಲು ನಿಂತುಹೋಯಿತು. ಅವಳು ನೋಡುತ್ತಿದ್ದದ್ದು ಪೊಲೀಸರನ್ನಲ್ಲ, ಅವರ ನಡುವೆ ಕುರ್ಚಿ ಇದೆಯೋ ಎಂದು. ಆ ಮಾತನ್ನು ನನಗೆ ಆಮೇಲೆ ಹೇಳಿದಳು.

ನಾನು ನನ್ನ ಕಾಗದ ತೋರಿಸಿದೆ. ಅವರ ಹಾಳೆ ತೋರಿಸಿದೆ. ಕಚೇರಿಯಿಂದ ಈಗಷ್ಟೇ ಬರುತ್ತಿದ್ದೇವೆಂದು ನನ್ನ ಮುರುಕು ಮಲಯ ಭಾಷೆಯಲ್ಲಿ ಹೇಳಿದೆ. ಯುವಕ ಪೊಲೀಸ್ ಹಾಳೆಯನ್ನು ತಿರುಗಿಸಿ ನೋಡಿ ಇದು ನಡೆಯೋದಿಲ್ಲ ಎಂದು ತಲೆಯಲ್ಲಾಡಿಸಿದ. ಅಮ್ಮನ ಹಣೆ ಮುಟ್ಟದಿದ್ದರೂ ಜ್ವರ ಕಾಣುತ್ತಿತ್ತು. "ಮಕ್‌ಚಿಕ್ ಮನೆಗೆ ಹೋಗಲಿ," ಎಂದ. ನಮ್ಮಲ್ಲಿ ದೊಡ್ಡಮ್ಮ ಎನ್ನುವ ಹಾಗೆ. ಸೊಸೆಯನ್ನು ವ್ಯಾನಿಗೆ ಹತ್ತಿಸಿದರು. ಅವಳು ಹೋಗುವಾಗ ಅಳಲಿಲ್ಲ, ಕೂಗಲಿಲ್ಲ. "ಮಾಮಿಗೆ ಮಾತ್ರೆ ಕೊಡಿ, ಅಕ್ಕಾ. ಊಟ ಆದ ಮೇಲೆ," ಎಂದಳು.

ಅಮ್ಮನನ್ನು ನಮ್ಮ ಮನೆಗೇ ಕರೆತಂದೆವು. ಬೆಳಿಗ್ಗೆ ನಾನು ಏಳುವ ಮೊದಲೇ ಅಡುಗೆಮನೆಯಲ್ಲಿ ಸದ್ದು. ಜ್ವರದ ಮೈಯಲ್ಲಿ ಅವರು ಅನ್ನ ಮಾಡಿ, ಮೀನಿನ ಸಾರು ಮಾಡಿ, ನನ್ನ ಟಿಫಿನ್ ಕ್ಯಾರಿಯರಿನಲ್ಲಿ ತುಂಬಿ, ಹಳೆಯ ಬಟ್ಟೆಯಿಂದ ಬಿಗಿದು ಕಟ್ಟುತ್ತಿದ್ದರು. ಗಂಟು ಹಾಕುವ ಕೈಗೆ ಅಭ್ಯಾಸವಾಗಿತ್ತು, ನೋಡಿದರೆ ತಿಳಿಯುತ್ತಿತ್ತು.

"ಅಮ್ಮಾ, ಅಲ್ಲಿ ಊಟ ಕೊಡ್ತಾರೆ," ಎಂದೆ.

"ಕೊಡ್ತಾರೆ. ಆದರೆ ಗೇಟಿನಲ್ಲಿ ಯಾರೋ ಇದ್ದಾರೆ ಅಂತ ಒಳಗಿನವರಿಗೆ ಗೊತ್ತಾಗಬೇಕು, ಪಿಳ್ಳೈ."

ನನ್ನ ಗಂಡ ಅರ್ಧ ದಿನ ರಜೆ ಹಾಕಿ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದೊಯ್ದರು. ಠಾಣೆಯ ಮೆಟ್ಟಿಲ ಮುಂದೆ ಅಮ್ಮ ನಿಂತುಬಿಟ್ಟರು. ಒಳಗೆ ಬರಲು ಕರೆದರೂ ಬರಲಿಲ್ಲ. ಅವರು ಯಾವತ್ತೂ ಗೇಟಿನಾಚೆಯೇ ನಿಂತವರು. ನನ್ನ ಗಂಡ ಒಳಗೆ ಹೋಗಿ ಕೌಂಟರಿನ ಪೇದೆಗೆ ಅವಳ ಹೆಸರು ಹೇಳಿ, ಇದ್ದಾಳೋ ಎಂದು ಕೇಳಿದರು. ಪೇದೆ ಎದ್ದು ಒಳಗೆ ಹೋದ. ಬಂದು, ಮುದುಕಿಯನ್ನು ನೋಡಿ, ತಾನೇ ಬಾಗಿಲವರೆಗೆ ಬಂದು ಹೇಳಿದ: "ಅದ."

ಮಲಯದಲ್ಲಿ ಆ ಮಾತಿಗೆ ಇದೆ, ಇದ್ದಾರೆ ಎಂದು ಅರ್ಥ. ನನ್ನ ಗಂಡನ ಹುಬ್ಬಳ್ಳಿಯ ಕನ್ನಡದಲ್ಲಿಯೂ ಹಾಗೆಯೇ. ಗಾಬರಿಯಲ್ಲಿ ಅವರು ಅಮ್ಮನಿಗೆ ಕನ್ನಡದಲ್ಲಿಯೇ, "ಅದಾಳಂತ್ರೀ, ಅಮ್ಮಾರ. ಒಳಗ ಅದಾಳ," ಎಂದರು.

ಅಮ್ಮ ನನ್ನ ಕೈ ಹಿಡಿದರು. "ಏನಂದ ಅವನು?"

"ಇದ್ದಾಳೆ ಅಂತ ಹೇಳಿದ, ಅಮ್ಮಾ."

"ಅವನ ಬಾಯಿಂದ ಹೇಳಿದನಾ? ಇನ್ನೊಂದು ಸಲ ಕೇಳು."

ಕೇಳಿದೆ. ಪೇದೆಗೆ ಏನನ್ನಿಸಿತೋ. ನಗುತ್ತಾ, "ಅದ ಲಾ, ಮಕ್‌ಚಿಕ್," ಎಂದು ಕ್ಯಾರಿಯರಿಗೆ ಕೈ ಚಾಚಿದ.

ಅಮ್ಮ ಅದನ್ನು ಅವನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕುಸಿದು ಕೂತರು. ಅಷ್ಟು ದಿನ ಅವರ ಕಣ್ಣಲ್ಲಿ ನೀರು ನೋಡದ ನಾನು ಆ ದಿನ ನೋಡಿದೆ. ಬಾಯಿಗೆ ಸೆರಗು ಒತ್ತಿಕೊಂಡು, ಮೈಯೆಲ್ಲ ಅಲುಗುವ ಹಾಗೆ ಅತ್ತರು. "ಎಷ್ಟು ಗೇಟುಗಳ ಮುಂದೆ ನಿಂತೆ, ಪಿಳ್ಳೈ. ಒಬ್ಬನೂ ಈ ಒಂದು ಮಾತು ಹೇಳಲಿಲ್ಲ. ಇದ್ದಾನೆ ಅಂದಿದ್ದರೆ ಸಾಕಿತ್ತು. ಕೊಡದಿದ್ದರೂ ಸಾಕಿತ್ತು."

ಕೆಲವು ದಿನಗಳ ಮೇಲೆ ಸೊಸೆಯನ್ನು ದೂರದ ಬಂಧನ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಭೇಟಿ ಕಷ್ಟವಾಯಿತು. ಫಾದರ್ ತಮ್ಮ ಹಳೆಯ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಒಳಗೆ ಬಿಡದ ದಿನವೂ ಪೊಟ್ಟಣ ಮಾತ್ರ ಗೇಟು ದಾಟುವಂತೆ ನೋಡಿಕೊಳ್ಳುತ್ತಿದ್ದರು. ಆ ಬಿಳಿಯ ಅಧಿಕಾರಿ ಬಿಡದೆ ಓಡಾಡಿದ್ದರಿಂದ ಕೆಲವು ವಾರಗಳಲ್ಲಿ ಅವಳು ಹೊರಬಂದಳು. ಹೇನಿನ ಕಾಟಕ್ಕೆಂದು ಅಲ್ಲಿ ತಲೆ ಬೋಳಿಸಿದ್ದರು. ತೋಳು ಕಡ್ಡಿಯಾಗಿತ್ತು. ಬಿಸಿನೀರು ಕೇಳಿದಳು. ನಮ್ಮ ಬಚ್ಚಲಿನಲ್ಲಿ ಅತ್ತೆ ಅವಳ ಬೋಳು ತಲೆಗೆ ಎಣ್ಣೆ ಹಚ್ಚಿ, ಮಗುವಿಗೆ ಮೀಯಿಸಿದ ಹಾಗೆ ಮೀಯಿಸಿದರು.

ಬಟ್ಟೆ ಮಡಿಸುತ್ತಾ ಒಂದು ಸಂಜೆ ಅವಳು ನನಗೆ ಶಿಬಿರದ ಒಳಗಿನ ಒಂದು ಮಾತು ಮಾತ್ರ ಹೇಳಿದಳು. "ಅಷ್ಟು ಜನರ ನಡುವೆ ನೆಲದ ಮೇಲೆ ಬಿದ್ದುಕೊಂಡಿದ್ದಾಗ ನಾನು ಎಲ್ಲಿದ್ದೇನೆ ಅಂತ ಯಾರಿಗೂ ಗೊತ್ತಿಲ್ಲ ಅನ್ನಿಸ್ತಿತ್ತು. ಆಗ ಕಾವಲಿನವಳು ಬಂದು ನನ್ನ ಹೆಸರು ಕರೆದಳು. ಊಟ ಬಂದಿದೆ ಅಂತ. ಮಾಮಿ ಗೇಟಿನಲ್ಲಿದ್ದಾರೆ ಅಂತ ಗೊತ್ತಾಯ್ತು." ಇನ್ನೊಂದು ಅಂಗಿ ಮಡಿಸಿಟ್ಟು, "ಅವರಿಗೂ ನಾವು ಗೇಟುಗಳಿಗೆ ಊಟ ತಗೊಂಡು ಹೋಗಿದ್ದೆವು, ಅಲ್ವಾ. ಯಾರಾದರೂ ಅವರ ಹೆಸರು ಕರೆದಿರಬಹುದು. ಒಂದು ಸಲವಾದರೂ," ಎಂದಳು.

ಮುಂದಿನ ಭಾನುವಾರ ಇಬ್ಬರೂ ಒಟ್ಟಿಗೆ ಇಗರ್ಜಿಯ ಆಫೀಸಿಗೆ ಬಂದರು. ಮಾತಾಡಿದ್ದು ಸೊಸೆ. "ಇನ್ನು ಮೇಲೆ ಒಂದೇ ಪೂಜೆ. ಕ್ಷೇಮಕ್ಕೆ ಅಂತಲೂ ಬೇಡ, ಆತ್ಮಕ್ಕೆ ಅಂತಲೂ ಬೇಡ. ಹೆಸರು ಓದಲಿ, ಸಾಕು." ಅಮ್ಮ ತಲೆಯಾಡಿಸಿದರು. ಫಾದರ್ ಹಾಗೆಯೇ ಮಾಡಿದರು. ಬದುಕಿರುವವರ ಹೆಸರುಗಳು ಮುಗಿದ ಮೇಲೆ, ತೀರಿಹೋದವರದು ಶುರುವಾಗುವ ಮೊದಲು, ಒಂದೇ ಒಂದು ಹೆಸರನ್ನು ಓದಿ ಉಸಿರು ಎಳೆದುಕೊಳ್ಳುತ್ತಿದ್ದರು.

ಅದೇ ವರ್ಷದ ಕೊನೆಗೆ ನಾರ್ವೆ ಅವರನ್ನು ಕರೆಸಿಕೊಂಡಿತು. ಸೆಪಾಂಗ್‌ನ ಹೊಸ ವಿಮಾನ ನಿಲ್ದಾಣದಲ್ಲಿ, ಯಾರೋ ಕೊಟ್ಟ ದಪ್ಪ ಕೋಟುಗಳನ್ನು ಸೀರೆಯ ಮೇಲೆಯೇ ಹಾಕಿಕೊಂಡು ಇಬ್ಬರೂ ಬೆವರುತ್ತಾ ನಿಂತಿದ್ದರು. ಸೊಸೆ ನನ್ನ ಗಂಡನಿಗೆ ನಾರ್ವೆ ಎಲ್ಲಿದೆ, ಅಲ್ಲಿ ಚಳಿಗಾಲದಲ್ಲಿ ಸೂರ್ಯ ಏಕೆ ಬೇಗ ಮುಳುಗುತ್ತಾನೆ ಎಂದು ಕೈಯಾಡಿಸಿ ವಿವರಿಸುತ್ತಿದ್ದಳು. ಅವಳನ್ನು ಟೀಚರಾಗಿ ನಾನು ಕಂಡದ್ದು ಅದೊಂದೇ ಸಲ. ಅಮ್ಮ ನನ್ನ ಕೆನ್ನೆ ಸವರಿ, "ಅವನು ಇಲ್ಲಿಗೆ ಬಂದರೆ ನಾವು ಎಲ್ಲಿದ್ದೇವೆ ಅಂತ ಹೇಳು, ಪಿಳ್ಳೈ," ಎಂದರು. ಹೇಳ್ತೇನೆ ಎಂದೆ.

ಆಮೇಲೆ ಆಗೊಮ್ಮೆ ಈಗೊಮ್ಮೆ ಫೋನು. ಭಾಷೆ ಕಲಿಯುತ್ತಿದ್ದೇನೆ, ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಮಾಮಿ ಹಿಮದ ಮೇಲೆ ನಡೆಯಲು ಒಪ್ಪುತ್ತಿಲ್ಲ ಎಂದೆಲ್ಲ. ಒಂದು ಸಂಜೆ ನಾನು ಮೀನು ಹುರಿಯುತ್ತಿದ್ದಾಗ ಫೋನು ಬಂತು. ಮಾಮಿ ತೀರಿಕೊಂಡರು ಎಂದಳು. ನ್ಯುಮೋನಿಯಾ. ಊರಿನಾಚೆಯ ಇಗರ್ಜಿಯ ಜಾಗದಲ್ಲಿ, ಒಂದು ಗುಡ್ಡದ ಬದಿಯಲ್ಲಿ ಮಣ್ಣು ಮಾಡಿದೆವು ಎಂದಳು. ನೆಲ ಹೆಪ್ಪುಗಟ್ಟಿತ್ತಂತೆ.

"ಕೊನೆಗೆ ಏನಾದರೂ ಹೇಳಿದರಾ?" ಎಂದು ಕೇಳಿದೆ.

"ಹೇಳಿದರು, ಅಕ್ಕಾ. ನನ್ನನ್ನು ಎಲ್ಲಿ ಮಲಗಿಸ್ತೀರೋ ಅದನ್ನು ಅವನಿಗೆ ತೋರಿಸು, ಅವನು ಹುಡುಕಿಕೊಂಡು ಅಲೆಯೋ ಹಾಗೆ ಆಗಬಾರದು, ಅಂದರು."

"ನೀನು ಎಂತ ಹೇಳಿದೆ?"

"ತೋರಿಸ್ತೇನೆ ಅಂದೆ," ಎಂದಳು. "ಕಲ್ಲಿನ ಮೇಲೆ ಹೆಸರು ದೊಡ್ಡದಾಗಿ ಕೊರೆಸಿದ್ದೇನೆ. ತಮಿಳಿನಲ್ಲಿ. ಹುಡುಕಿಕೊಂಡು ಬಂದರೆ ಅವರ ಕಣ್ಣಿಗೆ ಬೀಳಬೇಕಲ್ಲ."